ಮೇಕೆಯಿಲ್ಲದ ಗೋಮಾಳ

ಕುಣಿಗಲ್ ತಾಲ್ಲೂಕು ಹುತ್ರಿದುರ್ಗ ಹೋಬಳಿ ಕೆಂಚನಪಾಳ್ಯದ ಗೋಮಾಳದಲ್ಲಿದ್ದ ಔಷಧಿ ಗಿಡಗಳನ್ನೆಲ್ಲ ಮೇಕೆಗಳು ತಿಂದು ಮುಗಿಸಿವೆ ಎಂಬ ಸಂಗತಿ 1998ನೇ ಇಸವಿಯ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ಅಧಿಕೃತವಾಗಿ ಸಾಬೀತಾಯಿತು.

ಸಾಬೀತು ಮಾಡಿದ್ದು ತುಮಕೂರಿನ ಬಯಲುಸೀಮೆ ಮೂಲಿಕಾ ಸಂರಕ್ಷಣಾ ಘಟಕ. ಘಟಕ ಹುಟ್ಟಿದ್ದು ಅದೇ ವರ್ಷ. ಅದಕ್ಕೊಂದು ಬಾಡಿಗೆ ಕಟ್ಟಡ, ಒಂದು ಜೀಪು, ಜೀಪಿಗೆ ಡ್ರೈವರು ಮತ್ತು ಅಂಜನಮೂರ್ತಿ ಎಂಬ ಸಹಾಯಕ ನಿರ್ದೇಶಕರು ಇದ್ದರು. ನಿರ್ದೇಶಕರ ಹುದ್ದೆ ಖಾಲಿ ಇತ್ತು. ಹಾಗಾಗಿ ಅಂಜನಮೂರ್ತಿಗಳು ಯಾರಿಗೆ ಸಹಾಯಕರು ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಈ ಘಟಕಕ್ಕೆ ಹಣ ಬಿಡುಗಡೆಯಾಗುವುದು ಮಾರ್ಚ್ ತಿಂಗಳಲ್ಲಿ. ತಿಂಗಳು ಮುಗಿಯುವುದರೊಳಗೆ ಖರ್ಚಾಗದಿದ್ದರೆ ಹಣ ವಾಪಸ್ಸು ಹೋಗುತ್ತದೆ, ಒಮ್ಮೆ ವಾಪಸ್ಸು ಹೋದದ್ದು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಸಸ್ಯಶಾಸ್ತ್ರ ನಡೆಯುವುದು ಮಾರ್ಚ್ ತಿಂಗಳಲ್ಲಿ. ಸಸ್ಯಗಳು ಬೇರೆ ತಿಂಗಳಲ್ಲಿ ಹುಟ್ಟುತ್ತವೆ ಎಂಬುದು ಸಸ್ಯಗಳ ಖಾಸಗಿ ವಿಚಾರ. ನೆಲನೆಲ್ಲಿ, ವಿಷ್ಣುಕ್ರಾಂತಿ, ನೆಗ್ಗಿಲು ಮುಂತಾದವು ಮಳೆಗೆ ಹುಟ್ಟಿ, ಚಳಿಗಾಲದ ಹೊತ್ತಿಗೆ ಬೀಜ ಚೆಲ್ಲಿ ಒಣಗಿಹೋಗುತ್ತವೆ. ಸೊಗದೆ ಬೇರಿನಂಥವು ಮೇಲೆ ಸತ್ತಂತೆ ಮಾಡಿ ನೆಲದೊಳಗೆ ಮಲಗಿರುತ್ತವೆ. ಮಾರ್ಚ್ ತಿಂಗಳಲ್ಲಿ ಬಯಲುಸೀಮೆಯ ಗೋಮಾಳದಲ್ಲಿ ನಿಂತು ನೋಡಿದರೆ ಕಾಣುವುದು ಕಲ್ಲು, ಕೆಮ್ಮಣ್ಣು ಮತ್ತು ನೋಡಲು ಬಂದವರ ಜೀಪು.

ಇದು ಡ್ರೈವರಿಗೆ ಗೊತ್ತಿತ್ತು. ಅಂಜನಮೂರ್ತಿಗಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಅವರು ಗುಬ್ಬಿ ಕಡೆಯ ತೆಂಗು, ರಾಗಿಯ ಮನೆತನದವರು. ಮಾರ್ಚ್ ತಿಂಗಳಲ್ಲಿ ಹೊಲದಲ್ಲಿ ರಾಗಿ ಇಲ್ಲವೆಂದು ಅವರ ತಂದೆ ಯಾವತ್ತೂ ಯಾರ ಮೇಲೂ ದೂರು ಕೊಟ್ಟವರಲ್ಲ. ಆದರೆ ಅವರ ತಂದೆ ಗೆಜೆಟೆಡ್ ಅಧಿಕಾರಿಯಾಗಿರಲಿಲ್ಲ.

ಅಂಜನಮೂರ್ತಿಗಳು ಟೋಪಿ ಸರಿಮಾಡಿಕೊಂಡು ನಾಲ್ಕೂ ದಿಕ್ಕಿಗೆ ನೋಡಿದರು. ಔಷಧಿ ಗಿಡ ಒಂದೂ ಇರಲಿಲ್ಲ. ಮೇಕೆಗಳು ಇದ್ದವು. ಇಲ್ಲದ್ದು ಇಲ್ಲವಾಗಲು ಇರುವುದೇ ಕಾರಣ ಎಂಬ ತೀರ್ಮಾನಕ್ಕೆ ಬರಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿಲೂ ಜೋರಾಗಿತ್ತು.

ಆ ಮೇಕೆಗಳು ಹನುಮಕ್ಕನವು. ಹನುಮಕ್ಕ ಕೆಂಚನಪಾಳ್ಯದವಳೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಜಮೀನು ಅಂತ ಹೇಳಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಮರಿ ಮಾರಿ ಮನೆ ನಡೆಸುತ್ತಿದ್ದಳು. ಮೇಕೆಗೆ ಗೋಮಾಳ ಬೇಕು, ಅವಳಿಗೆ ಮೇಕೆ ಬೇಕು. ಇಡೀ ಈ ಪ್ರಕರಣದಲ್ಲಿ ಅವಳು ಯಾರ ಬಳಿಯಾದರೂ ಏನಾದರೂ ಕೇಳಿದ್ದರೆ ಇದಿಷ್ಟನ್ನೇ. ಗಿಡಮೂಲಿಕೆಯಲ್ಲಿ ಅವಳಿಗೆ ನಂಬಿಕೆಯಾಗಲಿ ಆಸಕ್ತಿಯಾಗಲಿ ಇರಲಿಲ್ಲ. ಕೆಮ್ಮು ಬಂದರೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವವಳು ಅವಳು.

ತನ್ನ ಮೇಕೆಗಳ ಮೇಲೆ ಏನೋ ಆಪಾದನೆ ಬರುತ್ತಿದೆ ಎಂದು ಅರ್ಥವಾದಾಗ ಹನುಮಕ್ಕ ಜೀಪಿನ ಹತ್ತಿರ ಬಂದು ಹೇಳಿದಳು: "ಮಳೆ ಬಿದ್ಮೇಲೆ ಬನ್ನಿ ಸ್ವಾಮಿ. ಆವಾಗ ಕಾಲಿಡಾಕೂ ಜಾಗ ಇಲ್ದಂಗೆ ಹುಟ್ಟಿರ್ತವೆ."

"ಆವಾಗ ಗ್ರಾಂಟು ಹುಟ್ಟಿರಲ್ಲ ಕಣಮ್ಮ" ಎಂದರು ಅಂಜನಮೂರ್ತಿಗಳು. ಮಾತಿನಲ್ಲಿ ಕಾಠಿಣ್ಯವೇನೂ ಇರಲಿಲ್ಲ. ಅವರು ಸ್ವಭಾವತಃ ಮೃದು.

ವಾರದೊಳಗೆ ಪಂಚಾಯಿತಿ ಗೋಡೆಯ ಮೇಲೆ ಪ್ರಕಟಣೆ ಅಂಟಿತು. ಅದರ ಸಾರಾಂಶ ಹೀಗಿತ್ತು: "ಸಂಬಂಧಪಟ್ಟ ಸಮಸ್ತ ಮೇಕೆಗಳಿಗೂ ಅವುಗಳ ವಾರಸುದಾರರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗೋಮಾಳದ ಅರ್ಧಭಾಗವನ್ನು ಮೂಲಿಕಾ ಸಂರಕ್ಷಿತ ವಲಯವೆಂದು ಘೋಷಿಸಲಾಗಿದೆ. ವಲಯದೊಳಗೆ ಮೇಕೆ ಮೇಯತಕ್ಕದ್ದಲ್ಲ. ಬಾಯಿ ಕಟ್ಟಿದ ಮೇಕೆಯನ್ನು ವಲಯದ ಮೂಲಕ ದಾಟಿಸಲು ತುಮಕೂರಿನ ಕಚೇರಿಯಿಂದ ಪೂರ್ವಾನುಮತಿ ಪಡೆಯತಕ್ಕದ್ದು. ಹಿಕ್ಕೆ ಕಂಡುಬಂದಲ್ಲಿ ಮೇಯ್ದಿದೆಯೆಂದೇ ಭಾವಿಸತಕ್ಕದ್ದು. ಮೇಯ್ದಿಲ್ಲವೆಂದು ರುಜುವಾತುಪಡಿಸುವ ಹೊಣೆ ಮೇಕೆಯದೇ ಆಗಿರುತ್ತದೆ." ಕೆಳಗೆ ಸಹಿ, ಮೊಹರು. ಮೇಕೆಗಳು ಓದುವ ಎತ್ತರದಲ್ಲಿಯೇ ಅಂಟಿಸಿದ್ದರಿಂದ ಎರಡು ದಿನದಲ್ಲಿ ಅವು ಅದನ್ನು ತಿಂದವು. ಪ್ರಕಟಣೆ ತಲುಪಿದೆ ಎಂದು ಕಡತದಲ್ಲಿ ನಮೂದಾಯಿತು.

ಅರ್ಧ ಎಂದರೆ ಯಾವ ಅರ್ಧ ಎಂಬ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಬಗೆಹರಿಸಲಾಯಿತು. ಜೀಪು ಹೋಗುವ ಅರ್ಧ. ಅದಕ್ಕೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವ ಕಂಟ್ರಾಕ್ಟು ಲಕ್ಷ್ಮೀಕಾಂತನಿಗೆ ಸಿಕ್ಕಿತು. ಲಕ್ಷ್ಮೀಕಾಂತ ಗ್ರಾಮ ಪಂಚಾಯಿತಿ ಸದಸ್ಯ. ಗೋಮಾಳಕ್ಕೆ ಹೊಂದಿಕೊಂಡೇ ಅವನ ತೆಂಗಿನ ತೋಟ ಇತ್ತು. ಬೇಲಿ ಆ ಅರ್ಧದ ಸುತ್ತ ನೆಟ್ಟಗೆ ಬಂದು, ಲಕ್ಷ್ಮೀಕಾಂತನ ತೋಟದ ಹತ್ತಿರ ಮಾತ್ರ ಗೋಮಾಳದೊಳಕ್ಕೆ ಒಂದಿಷ್ಟು ಸರಿದುಕೊಂಡಿತು. ಅಲ್ಲಿ ಬಂಡೆ ಅಡ್ಡ ಬಂತು ಎಂದು ಅವನು ಬರೆದುಕೊಟ್ಟ. ಮರುವರ್ಷ ಮಳೆಗಾಲದಲ್ಲಿ ಆ ಬಂಡೆಯ ಮೇಲೆ ಅವನ ತೆಂಗಿನ ಸಸಿಗಳು ಚೆನ್ನಾಗಿ ಚಿಗುರಿದವು.

ವಲಯದ ಉದ್ಘಾಟನೆಯ ದಿನ ಲಕ್ಷ್ಮೀಕಾಂತನ ತೋಟದಲ್ಲಿ ಬಾಡೂಟ ಇತ್ತು. ಮುದ್ದೆ, ಮೇಕೆ ಮಾಂಸದ ಸಾರು, ಬೋಟಿ ಗೊಜ್ಜು. ಮೇಕೆಗಳನ್ನು ಹನುಮಕ್ಕನಿಂದಲೇ ಕೊಳ್ಳಲಾಗಿತ್ತು. ಊಟವಾದ ಮೇಲೆ ಭಾಷಣ ಮಾಡಿದ ಅಂಜನಮೂರ್ತಿಗಳು, ಮೇಕೆ ನಿಯಂತ್ರಣದ ಮೊದಲ ಹಂತವನ್ನು ಸಾರ್ವಜನಿಕ ಸಹಭಾಗಿತ್ವದಲ್ಲಿ ಈಗತಾನೇ ಮುಗಿಸಿದ್ದೇವೆ ಎಂದರು. ಎಲ್ಲರೂ ಕೈ ಒರೆಸಿಕೊಂಡು ಚಪ್ಪಾಳೆ ತಟ್ಟಿದರು.

ಬೇಲಿಗೊಬ್ಬ ಕಾವಲುಗಾರ ಬೇಕಾಯಿತು. ಹನುಮಕ್ಕನ ಮೈದುನ ಕದರಯ್ಯನಿಗೆ ಆ ಕೆಲಸ ಸಿಕ್ಕಿತು. ಖಾಕಿ ಅಂಗಿ, ಒಂದು ಸೀಟಿ. ಅತ್ತಿಗೆಯ ಮೇಕೆ ಬೇಲಿಯ ಹತ್ತಿರ ಬಂದರೆ ಸೀಟಿ ಊದುವುದು ಅವನ ಕರ್ತವ್ಯ. ಕದರಯ್ಯ ನಿಯತ್ತಿನ ಮನುಷ್ಯ. ಹಗಲೆಲ್ಲ ಅತ್ತಿಗೆಯ ಮೇಲೆ ಸೀಟಿ ಊದಿ, ಸಂಜೆ ಅವಳ ಮನೆಯಲ್ಲೇ ಮುದ್ದೆ ಉಣ್ಣುತ್ತಿದ್ದ. ಇದರಿಂದ ಇಬ್ಬರಿಗೂ ಮುಜುಗರವಾದಂತೆ ಕಾಣಲಿಲ್ಲ.

ಹನುಮಕ್ಕನ ಮೇಕೆಗಳು ಬೇಲಿಯಾಚೆ ಉಳಿದರ್ಧ ಗೋಮಾಳಕ್ಕೆ ಹೋದವು. ಅದು ಗುಡ್ಡದ ಕಡೆಗಿನ ಇಳಿಜಾರು. ಇಕ್ಕಟ್ಟಾದರೂ ಹೇಗೋ ನಡೆಯುತ್ತಿತ್ತು. ನಮ್ಮ ಕಡೆ ತೋಟಕ್ಕೆ ಗೊಬ್ಬರವಾಗಲೆಂದು ಕುರಿ ಮೇಕೆ ಮಂದೆಯನ್ನು ರಾತ್ರಿ ತೋಟದಲ್ಲಿ ತರುಬುವ ಪದ್ಧತಿ ಇದೆ. ಮಂದೆಯವರಿಗೆ ಅದಕ್ಕೆ ರಾಗಿಯೋ ಕಾಯೋ ಕೊಡುತ್ತಾರೆ. ಬೇಲಿ ಮುಗಿಸಿದ ವಾರವೇ ಲಕ್ಷ್ಮೀಕಾಂತ ಹನುಮಕ್ಕನನ್ನು ಕರೆದು, ನನ್ನ ತೋಟಕ್ಕೆ ಮಂದೆ ತಂದು ಬಿಡು ಅಂದ. ಮೇಕೆಯ ಬಾಯಿ ಪರಿಸರಕ್ಕೆ ಮಾರಕ, ಹಿಂಭಾಗ ತೆಂಗಿಗೆ ಒಳ್ಳೆಯದು ಎಂಬುದರಲ್ಲಿ ಅವನಿಗೆ ಯಾವ ಗೊಂದಲವೂ ಇರಲಿಲ್ಲ.

ಮರುವರ್ಷ ಮಾರ್ಚ್ ತಿಂಗಳಲ್ಲಿ ಸಮೀಕ್ಷೆ ನಡೆಯಿತು. ಬೇಲಿಯೊಳಗೆ ಔಷಧಿ ಗಿಡ ಸೊನ್ನೆ. ಅದರ ಮರುವರ್ಷವೂ ಸೊನ್ನೆ. ಮೇಕೆ ಒಳಗೆ ನುಗ್ಗುತ್ತಿರಬೇಕು ಎಂದು ಕದರಯ್ಯನನ್ನು ವಿಚಾರಿಸಿದರು. ಒಂದು ಮೇಕೆಯೂ ಒಳಗೆ ಹೋಗಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ಅವನು ಹೇಳಿದ್ದು ನಿಜ. ಕಾವಲುಗಾರನ ಕಣ್ಣಿಗೂ ಬೀಳದಂತೆ ಮೇಯುವಷ್ಟು ಮೇಕೆಗಳು ಚಾಲಾಕಿಯಾಗಿವೆ ಎಂದು ಘಟಕ ದಾಖಲಿಸಿಕೊಂಡಿತು. ಬೇಲಿಗೆ ಇನ್ನೆರಡು ಸಾಲು ತಂತಿ ಮಂಜೂರಾಯಿತು. ಲಕ್ಷ್ಮೀಕಾಂತ ಎಳೆದ.

ಈ ನಡುವೆ ಬೇಲಿಯೊಳಗೆ ನಿಜವಾಗಿ ಏನಾಗುತ್ತಿತ್ತು ಎಂಬುದನ್ನು ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಮೇಯುವವರಿಲ್ಲದೆ ಬಾದೆ ಹುಲ್ಲು ಸೊಂಟದೆತ್ತರ ಬೆಳೆಯಿತು. ಅದರ ಮಗ್ಗುಲಿಗೆ ಲಂಟಾನ ಎದ್ದಿತು. ನೆಲನೆಲ್ಲಿ, ವಿಷ್ಣುಕ್ರಾಂತಿ ಗೇಣುದ್ದವೂ ಬೆಳೆಯದ ಗಿಡಗಳು, ಅವಕ್ಕೆ ಬಿಸಿಲು ಬೇಕು. ಹುಲ್ಲಿನ ಕತ್ತಲೆಯಲ್ಲಿ ಅವು ಒಂದೆರಡು ವರ್ಷ ಒದ್ದಾಡಿ ಆಮೇಲೆ ಹುಟ್ಟುವುದನ್ನೇ ಬಿಟ್ಟವು. ಮೇಕೆಗಳು ತಿಂದು ಮುಗಿಸಿವೆ ಎಂದು ಮೊದಲ ವರ್ಷ ಬರೆದದ್ದು ಸುಳ್ಳಾಗಿತ್ತು. ಮೂರನೆಯ ವರ್ಷದ ಹೊತ್ತಿಗೆ ಘಟಕ ಬಹಳ ಶ್ರಮಪಟ್ಟು ಅದನ್ನು ನಿಜ ಮಾಡಿತ್ತು, ಮೇಕೆಯ ಸಹಾಯವೊಂದಿಲ್ಲದೆ. ನನಗೆ ಇಲ್ಲಿ ಸಿಟ್ಟು ಬರುತ್ತದೆ. ಆದರೆ ವಾರ್ಷಿಕ ವರದಿಯಲ್ಲಿ ಸಿಟ್ಟಿಗೆ ಅಂಕಣ ಇಲ್ಲ.

2001ರಲ್ಲಿ ಒಂದು ಅನಾಹುತವಾಯಿತು. ಈ ಯೋಜನೆಗೆ ಹಣ ಕೊಡುತ್ತಿದ್ದ ಹೊರದೇಶದ ಸಂಸ್ಥೆಯ ಮೇಡಮ್ಮೊಬ್ಬರು ಬೆಂಗಳೂರಿಗೆ ಬೇರೇನೋ ಸಭೆಗೆಂದು ಬಂದವರು, ವಲಯವನ್ನೂ ನೋಡಿಕೊಂಡು ಹೋಗುತ್ತೇನೆ ಎಂದರು. ಅವರು ಬಂದಿದ್ದು ಸೆಪ್ಟೆಂಬರಿನಲ್ಲಿ. ಘಟಕದ ಇತಿಹಾಸದಲ್ಲಿ ಮಳೆಗಾಲದಲ್ಲಿ ಗೋಮಾಳ ನೋಡುವ ಪ್ರಸಂಗ ಅದೇ ಮೊದಲು.

ಅಂಜನಮೂರ್ತಿಗಳು ಹಿಂದಿನ ದಿನವೇ ಕೆಂಚನಪಾಳ್ಯಕ್ಕೆ ಧಾವಿಸಿದರು. ಜೊತೆಗೆ ಪ್ರಮೀಳಾ ಎಂಬ ಸಸ್ಯತಜ್ಞೆಯೂ ಇದ್ದಳು. ಗುತ್ತಿಗೆಯ ಮೇಲೆ ಹೊಸದಾಗಿ ಸೇರಿದ್ದ ಹುಡುಗಿ, ಇನ್ನೂ ಮಾರ್ಚ್ ತಿಂಗಳನ್ನು ಕಂಡಿರಲಿಲ್ಲ. ಬೇಲಿಯೊಳಗೆ ಬರೀ ಹುಲ್ಲು, ಲಂಟಾನ. ಬೇಲಿಯಾಚೆ ಹನುಮಕ್ಕನ ಮೇಕೆಗಳು ಮೇಯುವ ಇಳಿಜಾರಿನಲ್ಲಿ ಹುಲ್ಲು ಮೋಟಾಗಿತ್ತು, ಸಂದುಸಂದಿನಲ್ಲೆಲ್ಲ ನೆಲನೆಲ್ಲಿ, ವಿಷ್ಣುಕ್ರಾಂತಿಯ ನೀಲಿ ಹೂವು, ನೆಗ್ಗಿಲಿನ ಹಳದಿ ಹೂವು. ಪೊದೆಗಳಿಗೆ ಮಧುನಾಶಿನಿ ಬಳ್ಳಿ ಹಬ್ಬಿತ್ತು.

ಪ್ರಮೀಳಾ ಎರಡೂ ಕಡೆ ಓಡಾಡಿ ಬಂದು, ಸರ್, ಮೇಕೆ ಮೇಯ್ದಿರೋ ಕಡೆನೇ ಗಿಡ ಜಾಸ್ತಿ ಇದೆ ಎಂದಳು. ಮಿತವಾಗಿ ಮೇಯಿಸಿದರೆ ಗಿಡದ ಬಗೆಗಳು ಹೆಚ್ಚುತ್ತವೆ, ಅತಿಯಾಗಿ ಮೇಯಿಸಿದರೂ ಮೇಯಿಸದೇ ಬಿಟ್ಟರೂ ಕಡಿಮೆಯಾಗುತ್ತವೆ, ಇದು ಪುಸ್ತಕದಲ್ಲೂ ಇದೆ ಎಂದು ವಿವರಿಸಿದಳು. ಒಳ್ಳೆಯ ಸುದ್ದಿ ತಂದೆ ಎಂಬ ಹುಮ್ಮಸ್ಸು ಅವಳ ಮುಖದಲ್ಲಿತ್ತು.

ಅಂಜನಮೂರ್ತಿಗಳು ಅವಳನ್ನು ಮಗಳನ್ನು ನೋಡುವಂತೆ ನೋಡಿದರು. "ನಂಗೊತ್ತಮ್ಮ. ನಮ್ಮನೇಲೂ ಮೇಕೆ ಇದ್ವು. ಆದ್ರೆ ದುಡ್ಡು ಹಾಕೋಕೆ ಬೇಲಿಗೆ ಹೆಡ್ ಆಫ್ ಅಕೌಂಟ್ ಇದೆ, ಮೇಕೆಗಿಲ್ಲ."

ಪ್ರಮೀಳಾ ನೋಟ್ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಅವಳದು ಹನ್ನೊಂದು ತಿಂಗಳ ಗುತ್ತಿಗೆ.

ಪರಿಹಾರ ಹೊಳೆದದ್ದು ಲಕ್ಷ್ಮೀಕಾಂತನಿಗೆ. ಬೇಲಿಗೆ ಒಳಗೆ, ಹೊರಗೆ ಅಂತ ಹುಟ್ಟಿನಿಂದ ಏನೂ ಇರುವುದಿಲ್ಲ, ಬೋರ್ಡು ಯಾವ ಕಡೆ ಇದೆಯೋ ಅದೇ ಒಳಗೆ ಎಂದು ಅವನು ಹೇಳಿದ. ನಾಲ್ಕು ಜನ ಆಳು ಹಚ್ಚಿ 'ಮೂಲಿಕಾ ಸಂರಕ್ಷಿತ ವಲಯ' ಎಂಬ ಬೋರ್ಡನ್ನು ಕಿತ್ತು ಮೇಕೆಗಳ ಕಡೆಯ ಇಳಿಜಾರಿನಲ್ಲಿ ನೆಟ್ಟರು. ಹನುಮಕ್ಕನಿಗೆ ಒಂದು ದಿನದ ಮಟ್ಟಿಗೆ ಮೇಕೆಗಳನ್ನು ಹುಲ್ಲಿನೊಳಕ್ಕೆ ಹೊಡೆಯಲು ತಿಳಿಸಲಾಯಿತು. ಮೂರು ವರ್ಷದಿಂದ ಸೀಟಿ ಊದಿ ಓಡಿಸುತ್ತಿದ್ದ ಕದರಯ್ಯನೇ ಬೇಲಿಯ ಗೇಟು ತೆಗೆದು, ಬನ್ನಿ ಬನ್ನಿ ಎಂದು ಮೇಕೆಗಳನ್ನು ಕರೆದ. ಮೇಕೆಗಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಮೇಡಮ್ಮು ಬಂದು ಬೋರ್ಡಿನ ಕಡೆಯ ಹೂಗಳನ್ನು ನೋಡಿ ಬಹಳ ಸಂತೋಷಪಟ್ಟರು. ಬೇಲಿಯಾಚೆ ಸೊಂಟದೆತ್ತರದ ಹುಲ್ಲು ತೋರಿಸಿ, ಮೇಕೆ ಮೇಯುವ ಕಡೆ ಹುಲ್ಲು ಅಷ್ಟೆತ್ತರ ಇದೆಯಲ್ಲ ಎಂದು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಮೇಕೆಗಳು ಔಷಧಿ ಗಿಡಗಳನ್ನು ಮಾತ್ರ ಆರಿಸಿ ತಿಂದು ಹುಲ್ಲನ್ನು ಮುಟ್ಟದೆ ಬಿಡುತ್ತವೆ, ಅದರಿಂದಲೇ ಈ ಪ್ರಾಣಿ ಇಷ್ಟು ಅಪಾಯಕಾರಿ ಎಂದು ಅಂಜನಮೂರ್ತಿಗಳು ಉತ್ತರಿಸಿದರು. ಅವರ ಬೆನ್ನ ಹಿಂದೆ ಮೇಕೆಗಳು ಹುಲ್ಲು ತಿನ್ನುತ್ತಿದ್ದವು. ಮೇಡಮ್ಮು ಅದನ್ನು ಬರೆದುಕೊಂಡರು. ಯೋಜನೆ ಇನ್ನೂ ಕೆಲವು ವರ್ಷಕ್ಕೆ ಮುಂದುವರಿಯಿತು.

ಆದರೆ ಅವರು ತೆಗೆದ ಫೋಟೋದಲ್ಲಿ ಬೋರ್ಡು ಇಳಿಜಾರಿನ ಕಡೆ ಇತ್ತು. ಫೋಟೋ ದೆಹಲಿಗೂ ಹೋಯಿತು. ಇನ್ನು ಬೋರ್ಡನ್ನು ವಾಪಸ್ಸು ತರುವುದು ಸಾಧ್ಯವಿರಲಿಲ್ಲ. ಒಂದು ದಿನದ ಮಟ್ಟಿಗೆ ಎಂದಿದ್ದು ಕಾಯಂ ಆಯಿತು. ಅಂದಿನಿಂದ ಬೇಲಿಯೊಳಗೆ ಮೇಕೆ, ಬೇಲಿಯ ಹೊರಗೆ ಸಂರಕ್ಷಿತ ಗಿಡ. ಕದರಯ್ಯ ಬೇಲಿಯ ಆಚೆ ಬದಿಗೆ ಹೋಗಿ ನಿಂತುಕೊಂಡು ಸೀಟಿ ಊದತೊಡಗಿದ.

ಆ ಎರಡು ವರ್ಷ ಹನುಮಕ್ಕನ ಬಾಳಿನಲ್ಲಿ ಒಳ್ಳೆಯ ಕಾಲ. ಸುತ್ತ ಸರ್ಕಾರಿ ಬೇಲಿ, ಒಳಗೆ ಬೇಕಾದಷ್ಟು ಹುಲ್ಲು. ಮೇಕೆ ಯಾರ ಹೊಲಕ್ಕೂ ನುಗ್ಗುವಂತಿಲ್ಲ, ಯಾರ ಬೈಗುಳವೂ ಇಲ್ಲ. ಮಂದೆ ಹೆಚ್ಚಿತು. ಮನೆಗೆ ಹೊಸ ಹೆಂಚು ಹೊದಿಸಿದಳು. ಸಂರಕ್ಷಣೆ ಅಂದರೆ ಇಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿದ್ದರೆ ಮೊದಲೇ ಸುಮ್ಮನಿರುತ್ತಿದ್ದೆ ಎಂದು ಕದರಯ್ಯನ ಹತ್ತಿರ ಹೇಳಿಕೊಂಡಳಂತೆ. ಮೇಕೆಗಳು ಹುಲ್ಲನ್ನು ಬಗ್ಗಿಸಿದ ಕಡೆಯೆಲ್ಲ ಬಿಸಿಲು ಬಿದ್ದು, ಸತ್ತೇ ಹೋಯಿತೆಂದುಕೊಂಡಿದ್ದ ನೆಲನೆಲ್ಲಿ ಮತ್ತೆ ತಲೆಯೆತ್ತಿತು. ಗುಡ್ಡದ ಕಡೆ ಒಂದೆರಡು ವರ್ಷದ ವಿಶ್ರಾಂತಿ ಸಿಕ್ಕಿ ಗಿಡಗಳು ಸೊಂಪಾಗಿಯೇ ಇದ್ದವು. ಒಂದು ಕಡೆ ಮೇಯ್ದು, ಒಂದು ಕಡೆ ಬಿಟ್ಟು, ಆಮೇಲೆ ಅದಲು ಬದಲು ಮಾಡಿದರೆ ಎಲ್ಲರಿಗೂ ಒಳ್ಳೆಯದು ಎಂಬಲ್ಲಿಗೆ ಘಟಕ ಸುಳ್ಳು ಹೇಳಿಯೇ ಬಂದು ತಲುಪಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ.

2003ರ ಸೆಪ್ಟೆಂಬರಿನಲ್ಲಿ ಮೇಡಮ್ಮು ಮತ್ತೆ ಬಂದರು. ಈ ಸಲ ಬೇಲಿಯ ಎರಡೂ ಕಡೆ ಹೂವಿತ್ತು. ಅವರು ಮೆಚ್ಚಿ, ಹಾಗಾದರೆ ಎರಡೂ ಕಡೆಯನ್ನು ಸಂರಕ್ಷಿಸಬಹುದಲ್ಲ, ಅನುದಾನ ದುಪ್ಪಟ್ಟು ಮಾಡೋಣ ಎಂದರು. ದುಪ್ಪಟ್ಟು ಎಂಬ ಮಾತು ಕೇಳಿದ ಮೇಲೆ ಅಂಜನಮೂರ್ತಿಗಳು ಬೇರೆ ಮಾತು ಕೇಳಿಸಿಕೊಳ್ಳಲಿಲ್ಲ. ವಾರದೊಳಗೆ ಇನ್ನೊಂದು ಬೋರ್ಡು ಬಂತು. ಬೇಲಿಯ ಈಚೆಗೊಂದು, ಆಚೆಗೊಂದು. ಎರಡೂ ಕಡೆ ಒಳಗೇ ಆಯಿತು. ಜಗತ್ತಿನಲ್ಲಿ ಹೊರಗಿಲ್ಲದ ಬೇಲಿ ಇದ್ದರೆ ಅದು ಕೆಂಚನಪಾಳ್ಯದಲ್ಲಿದೆ. ಲಕ್ಷ್ಮೀಕಾಂತ ಈ ಹೊಸ ವಿಸ್ತರಣೆಗೆ ಗುಡ್ಡದ ಬುಡದವರೆಗೂ ಕಂಬ ನೆಟ್ಟ. ಅಲ್ಲೂ ಒಂದೆರಡು ಬಂಡೆ ಅಡ್ಡ ಬಂದವು.

ಹನುಮಕ್ಕ ತುಮಕೂರಿನ ಬಸ್ಸು ಹತ್ತಿ ಘಟಕದ ಕಚೇರಿಗೆ ಹೋದಳು. ಅಂಜನಮೂರ್ತಿಗಳು ಅವಳನ್ನು ಕೂರಿಸಿ, ಟೀ ತರಿಸಿ ಕೊಟ್ಟರು.

"ಗೋಮಾಳ ಪೂರ್ತಿ ನೀವೇ ತಗಂಡ್ರಿ. ಮೇಕೆ ಎಲ್ಲಿ ಮೇಯಿಸ್ಲಿ ಸ್ವಾಮಿ?" ಎಂದು ಕೇಳಿದಳು.

ಮೇಕೆಗೆ ಘಟಕದ ವಿರೋಧವಿಲ್ಲ ಎಂದು ಅಂಜನಮೂರ್ತಿಗಳು ಸಮಾಧಾನವಾಗಿ ಹೇಳಿದರು. ಮೇಯುವುದಕ್ಕೆ ಮಾತ್ರ ವಿರೋಧ. ಕೊಟ್ಟಿಗೆಯಲ್ಲಿ ಕಟ್ಟಿ, ಮೇವು ತಂದು ಹಾಕಿ ಸಾಕುವವರನ್ನು ಸರ್ಕಾರ ಪ್ರೋತ್ಸಾಹಿಸುತ್ತದೆ, ಕೊಟ್ಟಿಗೆಗೆ ಸಬ್ಸಿಡಿಯೂ ಇದೆ. ಷರತ್ತು ಒಂದೇ, ಅರ್ಜಿದಾರರ ಹೆಸರಿನಲ್ಲಿ ಜಮೀನಿನ ಪಹಣಿ ಇರಬೇಕು.

ಹನುಮಕ್ಕ ಟೀ ಕುಡಿದಳು. ಜಮೀನಿದ್ದಿದ್ದರೆ ಮೇಕೆಯನ್ನು ಗೋಮಾಳಕ್ಕೆ ಯಾಕೆ ಹೊಡೆಯುತ್ತಿದ್ದೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಟೀ ಕೊಟ್ಟವರ ಮುಖ ಮುರಿಯಬಾರದೆಂಬ ಸಂಸ್ಕಾರ ಹಳ್ಳಿಯವರಿಗೆ ಇದೆ, ಇದನ್ನು ನಮ್ಮ ಕಚೇರಿಗಳು ಚೆನ್ನಾಗಿ ಬಲ್ಲವು. ಅವಳು ಊರಿಗೆ ವಾಪಸ್ಸು ಬಂದಳು. ಬೀದಿಯಲ್ಲಿ, ಕೆರೆಯಂಗಳದಲ್ಲಿ, ರಸ್ತೆ ಪಕ್ಕದಲ್ಲಿ ಬೇಸಿಗೆಯವರೆಗೂ ಹೇಗೋ ಮೇಯಿಸಿದಳು. ಮೇಕೆಗಳು ಸೊರಗಿದವು. ಕಂಡವರ ತೋಟಕ್ಕೆ ನುಗ್ಗಿ ಏಟು ತಿಂದವು. ಒಂದಕ್ಕೆ ಕಾಲು ಮುರಿಯಿತು. ಕೊನೆಗೆ ಲಕ್ಷ್ಮೀಕಾಂತ ಅವಳ ಕಷ್ಟ ನೋಡಲಾಗದೆ ಇಡೀ ಮಂದೆಯನ್ನು ತಾನೇ ಕೊಂಡುಕೊಂಡ. ಸೊರಗಿದ ಮೇಕೆಗೆ ಎಷ್ಟು ಕೊಡುತ್ತಾರೋ ಅಷ್ಟನ್ನೇ ಕೊಟ್ಟ. ಮಂದೆ ಕೈಬಿಟ್ಟ ದಿನ ಹನುಮಕ್ಕ ಒಲೆ ಹಚ್ಚಲಿಲ್ಲ. ಅವಳ ಮನೆಗೆ ಮುದ್ದೆಗೆಂದು ಬಂದ ಕದರಯ್ಯ ಬಾಗಿಲಲ್ಲೇ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ. ಅವತ್ತು ಅವನಿಗೂ ಸೀಟಿ ಊದುವ ಕೆಲಸವಿರಲಿಲ್ಲ.

ಲಕ್ಷ್ಮೀಕಾಂತನಿಗೆ ಪಹಣಿ ಇತ್ತು, ಬಂಡೆಗಳದ್ದೂ ಸೇರಿ. ಸಬ್ಸಿಡಿಯಲ್ಲಿ ತೋಟದೊಳಗೆ ಕಲ್ನಾರು ಶೀಟಿನ ಕೊಟ್ಟಿಗೆ ಎದ್ದಿತು. ಮೇಕೆಗಳು ಅದರೊಳಗೆ ನಿಂತವು.

ಆ ಮಳೆಗಾಲ ಗೋಮಾಳದ ಎರಡೂ ಕಡೆ ಹುಲ್ಲು ಸೊಂಟಕ್ಕೆ ಬಂತು. ಹೂವು ಒಂದೂ ಕಾಣಲಿಲ್ಲ. ಮೇಡಮ್ಮಿನ ಮುಂದಿನ ಭೇಟಿ ಸೆಪ್ಟೆಂಬರಿಗೆ ನಿಗದಿಯಾಗಿತ್ತು. ತಿರುಗಿಸೋಣವೆಂದರೆ ಬೋರ್ಡು ಆಗಲೇ ಎರಡೂ ಕಡೆ ಇತ್ತು. ಅಂಜನಮೂರ್ತಿಗಳು ಪ್ರಮೀಳಾಳನ್ನು ಕರೆಸಿ, ಮೇಕೆ ಬಿಡದೆ ಮೇಯಿಸುವುದು ಹೇಗೆ ಎಂಬ ಬಗ್ಗೆ ಟಿಪ್ಪಣಿ ಮಂಡಿಸಲು ಹೇಳಿದರು.

ಇಷ್ಟರಲ್ಲಿ ಪ್ರಮೀಳಾಳ ಗುತ್ತಿಗೆ ಹಲವು ಸಲ ನವೀಕರಣಗೊಂಡಿತ್ತು. ಅವಳು ನಗಲಿಲ್ಲ. ಒಂದು ವಾರ ಲಕ್ಷ್ಮೀಕಾಂತನ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಮೇಕೆಗಳು ತಿನ್ನುವುದನ್ನು ಗಮನಿಸಿ, 'ಮಾನವಚಾಲಿತ ಮೇಯುವಿಕೆ: ತಾಂತ್ರಿಕ ವಿಧಿವಿಧಾನಗಳು' ಎಂಬ ಟಿಪ್ಪಣಿ ಸಿದ್ಧಪಡಿಸಿದಳು. ಅದರ ಪ್ರಕಾರ ಕೂಲಿಯಾಳುಗಳು ಕುಡುಗೋಲಿನಿಂದ ಹುಲ್ಲನ್ನು ಸಮನಾಗಿ ಕೊಯ್ಯಬಾರದು, ಅಲ್ಲೊಂದು ಬಾಯಿ ಇಲ್ಲೊಂದು ಬಾಯಿ ಎಂಬಂತೆ ಚಿವುಟಬೇಕು. ಒಂದೇ ಕಡೆ ನಿಲ್ಲಬಾರದು, ಮುಂದೆ ಮುಂದೆ ಸಾಗುತ್ತಿರಬೇಕು. ಬೀಜ ನೆಲಕ್ಕೆ ಇಳಿಯುವಂತೆ ಬರಿಗಾಲಿನಲ್ಲಿ ಹಗುರವಾಗಿ ತುಳಿಯಬೇಕು. ಪೊದೆಯ ಚಿಗುರನ್ನು ಕೈಗೆಟುಕುವಷ್ಟು ಎತ್ತರದವರೆಗೆ ಮಾತ್ರ ಮುರಿಯಬೇಕು. ಹಿಕ್ಕೆಯನ್ನು ಹೊರಗಿನಿಂದ ತರಿಸಿ ನಡೆಯುತ್ತ ನಡೆಯುತ್ತ ಚೆಲ್ಲಬೇಕು, ರಾಶಿ ಹಾಕಬಾರದು.

ಸೊಗಸಾದ ಟಿಪ್ಪಣಿ. ಇದಕ್ಕೆ ಹೆಡ್ ಆಫ್ ಅಕೌಂಟೂ ಕೂಡಲೇ ಸಿಕ್ಕಿತು. ಮೇಲಿನವರು ಕೇಳಿದ್ದು ಒಂದೇ ಪ್ರಶ್ನೆ, ಇದರಲ್ಲಿ ಎಲ್ಲಾದರೂ ಮೇಕೆ ಇದೆಯೇ ಎಂದು. ಇಲ್ಲವೆಂದು ಅಂಜನಮೂರ್ತಿಗಳು ದೃಢೀಕರಿಸಿದರು.

ಟೆಂಡರು ಲಕ್ಷ್ಮೀಕಾಂತನಿಗೆ ಆಯಿತು. ಹಿಕ್ಕೆ ಪೂರೈಸುವ ಸಾಮರ್ಥ್ಯ ಹೋಬಳಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಕೊಯ್ದ ಹುಲ್ಲು ವಿಲೇವಾರಿಯಾಗಬೇಕಲ್ಲ, ಅದನ್ನು ತೊಂದರೆಯಾದರೂ ಸರಿ, ತಾನೇ ಸಾಗಿಸಿಕೊಳ್ಳುತ್ತೇನೆ ಎಂದು ಅವನು ಒಪ್ಪಿಕೊಂಡ. ಹುಲ್ಲು ಅವನ ಕೊಟ್ಟಿಗೆಗೆ ಹೋಗುತ್ತದೆ. ಮೇಕೆಗಳು ತಿನ್ನುತ್ತವೆ. ಹಿಕ್ಕೆಯನ್ನು ಘಟಕ ಕೊಳ್ಳುತ್ತದೆ. ಮರಿಗಳನ್ನು ಅವನು ಮಾರುತ್ತಾನೆ. ಸರಳವಾದ ಏರ್ಪಾಡು. ಮೊದಲೂ ಹೀಗೆಯೇ ಇತ್ತು, ನಡುವೆ ಇಷ್ಟು ಜನ ಇರಲಿಲ್ಲ ಅಷ್ಟೇ.

ಕೂಲಿಗೆ ಹೆಂಗಸರನ್ನು ಆರಿಸುವಾಗ ಮೇಕೆಗಳೊಂದಿಗೆ ದೀರ್ಘಕಾಲದ ಒಡನಾಟವಿದ್ದವರಿಗೆ ಆದ್ಯತೆ ಎಂಬ ನಿಯಮವಿತ್ತು. ಹನುಮಕ್ಕನಿಗೆ ಮೊದಲ ದಿನವೇ ಕೆಲಸ ಸಿಕ್ಕಿತು. ಅವಳು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೆ ಅವಳ ಹತ್ತಿರ ಮೇಕೆಯೂ ಇರಲಿಲ್ಲ.

ಬೆಳಿಗ್ಗೆ ಬಂದು ಚಪ್ಪಲಿ ಬೇಲಿಯ ಬಳಿ ಬಿಟ್ಟು, ಬರಿಗಾಲಿನಲ್ಲಿ, ಸೊಂಟ ಬಗ್ಗಿಸಿ, ಅಲ್ಲಿಷ್ಟು ಇಲ್ಲಿಷ್ಟು ಚಿವುಟುತ್ತ ಹೋಗುತ್ತಾರೆ. ಮಡಿಲಿನಿಂದ ಹಿಕ್ಕೆ ಚೆಲ್ಲುತ್ತಾರೆ. ಯಾರಾದರೂ ದಣಿದು ಒಂದೇ ಕಡೆ ನಿಂತರೆ ಕದರಯ್ಯ ಸೀಟಿ ಊದುತ್ತಾನೆ. ಅವನ ಹುದ್ದೆಯನ್ನು ಈಗ ಮೇಯುವಿಕೆ ಮೇಲ್ವಿಚಾರಕ ಎಂದು ಮೇಲ್ದರ್ಜೆಗೇರಿಸಲಾಗಿದೆ. ಪದ್ಧತಿ ಫಲಕಾರಿಯಾಗಿದೆ. ಸೆಪ್ಟೆಂಬರ್ ಹೊತ್ತಿಗೆ ವಿಷ್ಣುಕ್ರಾಂತಿ ಬಂತು, ನೆಲನೆಲ್ಲಿ ಬಂತು. ಮೇಡಮ್ಮು ಬಂದು, ಬಾಗಿ ಸಾಗುತ್ತಿದ್ದ ಹೆಂಗಸರ ಸಾಲನ್ನು ನೋಡಿ, ಪರಂಪರಾಗತ ಜ್ಞಾನ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಂಜನಮೂರ್ತಿಗಳಿಗೆ ರಾಜ್ಯಮಟ್ಟದ ಪ್ರಶಸ್ತಿ ಬಂತು. ಪ್ರಮೀಳಾ ಇದೇ ವಿಷಯದ ಮೇಲೆ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಳು. ಸುತ್ತಲ ಊರುಗಳವರು ನಮ್ಮ ಗೋಮಾಳಕ್ಕೂ ಇದನ್ನು ತನ್ನಿ ಎಂದು ಮನವಿ ಸಲ್ಲಿಸಿದ್ದಾರೆ. ಅವರ ಮೇಕೆಗಳನ್ನು ಕೊಳ್ಳಲು ಲಕ್ಷ್ಮೀಕಾಂತ ತಯಾರಿದ್ದಾನೆ.

ಪ್ರಶಸ್ತಿ ಬಂದ ವಾರ ಒಂದು ಮಧ್ಯಾಹ್ನ ಹನುಮಕ್ಕ ಹುಲ್ಲಿನ ಹೊರೆ ಹೊತ್ತು ಲಕ್ಷ್ಮೀಕಾಂತನ ತೋಟಕ್ಕೆ ಹೋದಳು. ಕೊಟ್ಟಿಗೆಯಲ್ಲಿ ಮೇಕೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ಹಳೆಯ ಮೇಕೆಗಳು ಅವಳ ದನಿ ಕೇಳಿ ಎದ್ದು ಬಂದವು. ಹೊರೆ ಬಿಚ್ಚಿ ಹಾಕಿದಳು. ಅಲ್ಲಿಂದ ಗೋಮಾಳಕ್ಕೆ ವಾಪಸ್ಸು ಬಂದು ಬಿಸಿಲಿನಲ್ಲಿ ಸೊಂಟ ಹಿಡಿದುಕೊಂಡು ಒಂದು ನಿಮಿಷ ನಿಂತಳು. ಕದರಯ್ಯ ಸೀಟಿಯನ್ನು ಬಾಯಿಗಿಟ್ಟವನು, ಯಾಕೋ ಊದದೆ ಹತ್ತಿರ ಬಂದು, ಬೇಜಾರಾ ಅತ್ಗೆ ಎಂದು ಕೇಳಿದ.

"ಬೇಜಾರೇನ್ ಬುಡು" ಎಂದಳು ಹನುಮಕ್ಕ. "ಆವಾಗ ಅವು ಬಿಸಿಲಲ್ಲಿ ಮೇಯ್ತಿದ್ವು, ನಾನು ನೆಳ್ಳಾಗೆ ಕೂತಿರ್ತಿದ್ದೆ. ಈಗ ಅವು ನೆಳ್ಳಾಗೆ ಕೂತವೆ, ನಾನು ಮೇಯ್ತಾ ಇದೀನಿ."

ಅದರಲ್ಲಿ ತಪ್ಪೇನೂ ಕದರಯ್ಯನಿಗೆ ಕಾಣಲಿಲ್ಲ. ಟಿಪ್ಪಣಿಯಲ್ಲಿಯೂ ಹಾಗೆಯೇ ಇತ್ತು. ಅವನು ಸೀಟಿ ಊದಿದ, ಅವಳು ಸೊಂಟ ಬಗ್ಗಿಸಿಕೊಂಡು ಮುಂದಕ್ಕೆ ಹೋದಳು.